ಒಪ್ಪಿದ ಜೀವಿ

ಗುರುವಾರ ಸಂಜೆ, ಡಂಡೀ. ಕೆಳಗೆ ಮೀನು ಕರಿಯುವ ಅಂಗಡಿ,
ಮೇಲೆ ನನ್ನ ಬಾಡಿಗೆ ಕೋಣೆ. ಕಿಟಕಿಯಾಚೆ ಟೇ ನದಿ
ಮಂಜಿನೊಳಗೆ ಎಲ್ಲೋ ಇದೆ ಅಂತ ನಂಬಬೇಕು.
ಮೇಜಿನ ಮೇಲೆ ಇಪ್ಪತ್ತು ಮುಖದ ದಾಳ,
ಪೆನ್ಸಿಲಿನಲ್ಲಿ ನಾನೇ ಗೀಚಿದ ಪಾತಾಳ,
ಅದರ ತಳದ ಬಾವಿಯಲ್ಲಿ ಸ್ಟ್ರುವನ್‌ನ ಕುಳ್ಳ ಯೋಧ
ಪ್ರಜ್ಞೆ ತಪ್ಪಿ ಬಿದ್ದಿದ್ದಾನೆ. ನೀರು ಗಲ್ಲದವರೆಗೆ.

ಎವಾಳ ಮಾಟಗಾತಿಗೆ ಉಳಿದಿರುವುದು ಒಂದೇ ಮಂತ್ರ,
ಹೆಸರು ಮರುಹೆಜ್ಜೆ. ನಿಯಮದ ಪುಸ್ತಕ, ಪುಟ ನೂರಹನ್ನೆರಡು:
“ಒಪ್ಪಿದ ಒಂದು ಜೀವಿಯನ್ನು ಮುಟ್ಟು. ಅದು
ಕೊನೆಯ ಸಲ ಕ್ಷೇಮವಾಗಿದ್ದ ಜಾಗಕ್ಕೆ ಮರಳುತ್ತದೆ.”
ಅಷ್ಟೇ. ಎರಡು ಸಾಲು. ಕೆಳಗೆ
ಒಂದು ಗೂಬೆಯ ಚಿತ್ರ.

“ಮುಟ್ಟಿದೆ,” ಅಂದಳು ಎವಾ.
“ತಡಿ,” ಅಂದ ಫರ್ಗಸ್. ಹಗಲಿಡೀ
ಮನೆ ಮಾರಾಟದ ಕರಾರುಪತ್ರ ಓದುವವನು,
ಅಲ್ಪವಿರಾಮ ಕಂಡರೆ ಸಾಕು, ಕನ್ನಡಕ ಒರೆಸುತ್ತಾನೆ.
“ಪ್ರಜ್ಞೆ ಇಲ್ಲದವನು ಒಪ್ಪಿದ್ದು ಯಾವಾಗ?”
“ಬೇಡ ಅಂದನೇ?”
“ಬೇಕು ಅಂದನೇ?”
“ಮುಳುಗುವವನ ಕೈಯಿಂದ ಅರ್ಜಿ ಬರೆಸುತ್ತೀಯಾ?”
“ಹಾಗಾದರೆ ನಾಳೆ ನಿದ್ದೆಹೋದ ಶತ್ರುವನ್ನೂ
ಒಪ್ಪಿದವನೆಂದು ಎತ್ತಿ ಬಿಸಾಡು.”

ಸ್ಟ್ರುವನ್ ಎದುರಿಗೇ ಕೂತಿದ್ದಾನೆ, ವಿನೆಗರ್ ಸುರಿದ
ಆಲೂಗಡ್ಡೆ ಸೀಳು ತಿನ್ನುತ್ತ. ಕೇಳಿದರೆ ಹೇಳಿಯಾನು.
ಆದರೆ ನಾನೇ ಮಾಡಿದ ಕಟ್ಟಳೆ, ಹೋದ ವರ್ಷ:
ಪ್ರಜ್ಞೆ ತಪ್ಪಿದವರು ಮಾತಾಡುವಂತಿಲ್ಲ.
ಅವನ ಮುಂದೆಯೇ ನಾವು ಮೂವರು
ಅವನ ಮನಸ್ಸಿನ ಮೇಲೆ ವ್ಯಾಜ್ಯ ಹೂಡಿದೆವು, ಮುಕ್ಕಾಲು ಗಂಟೆ.
ಅವನು ಉಪ್ಪು ಮಾತ್ರ ಕೇಳಿದ, ಸನ್ನೆಯಲ್ಲಿ.

ಪುಸ್ತಕದ ಮಾತನ್ನು ಒಳಗೊಳಗೇ ಕನ್ನಡಕ್ಕೆ ತಂದುಕೊಂಡೆ,
ಬಿಡಿಸಿಕೊಂಡೀತೆಂದು. ಗಂಟು ಇನ್ನೂ ಬಿಗಿಯಿತು.
ನೆನಪಾದದ್ದು ತಮ್ಮಣ್ಣ ಮೇಷ್ಟ್ರ ಕರಿಹಲಗೆ,
ಏಳನೇ ಕ್ಲಾಸು: ಹುಲಿ ಕೊಂದ ಬೇಟೆಗಾರ.
“ಸತ್ತವರು ಯಾರ್ರೋ?”
ಅರ್ಧ ಕ್ಲಾಸು ಹುಲಿಗೆ ಅತ್ತಿತು, ಅರ್ಧ ಬೇಟೆಗಾರನಿಗೆ.
ಮೇಷ್ಟ್ರು ಉತ್ತರ ಹೇಳಲಿಲ್ಲ, ಗಂಟೆ ಹೊಡೆಯಿತು.
ಆ ಹುಲಿ, ಆ ಬೇಟೆಗಾರ ಇವತ್ತಿಗೂ
ಒಬ್ಬರನ್ನೊಬ್ಬರು ನೋಡುತ್ತ ನಿಂತಿದ್ದಾರೆ.
ಒಪ್ಪಿದ ಅನ್ನುವುದಕ್ಕೂ ಅದೇ ಗ್ರಹಚಾರ:
ಅವನು ಮಂತ್ರವನ್ನೋ, ಮಂತ್ರ ಅವನನ್ನೋ?
ಹಾವೂ ಸಾಯದೆ ಕೋಲೂ ಮುರಿಯದೆ
ತೀರ್ಪು ಕೊಡು ಅನ್ನುತ್ತಾರೆ;
ಬಾವಿಯೊಳಗೆ ನಿಂತು ಹಾಗಂದವರನ್ನು ನಾನು ಕಂಡಿಲ್ಲ.

ಕೊನೆಗೆ ಅಂದೆ: “ಹತ್ತು ತಿಂಗಳು
ಬೆನ್ನಿಗೆ ಬೆನ್ನು ಕೊಟ್ಟು ನಡೆದವರ ಕೈಗೆ
ಒಪ್ಪಿಗೆ ಮೊದಲೇ ಸಿಕ್ಕಿದೆ. ಶತ್ರುವಿನ ಕೈಗಿಲ್ಲ.
ಮಂತ್ರ ತಗಲಿತು.”
ಫರ್ಗಸ್ ಬರೆದುಕೊಂಡ, ತಾರೀಖು ಸಮೇತ.
ಆಮೇಲೆ ಮೆಲ್ಲಗೆ, “ಸರಿ. ಕ್ಷೇಮ ಅಂದರೆ?”

ಯಾರೂ ಉಸಿರೆತ್ತಲಿಲ್ಲ. ಇಷ್ಟು ತಿಂಗಳು
ನಾನು ಅವರಿಗೆ ಕೊಟ್ಟದ್ದೇನು? ಹೊಂಚು, ಬೆಂಕಿ, ವಿಷದ ಪಾಯಸ,
ನಗುನಗುತ್ತ ಮೋಸ ಮಾಡಿದ ಛತ್ರದವಳು.
ಒಂದು ರಾತ್ರಿಯಾದರೂ? ಟಿಪ್ಪಣಿ ಪುಸ್ತಕ ತಿರುವಿದೆ,
ಎಲ್ಲ ಪುಟದಲ್ಲೂ ಹಲ್ಲು.

ಸ್ಟ್ರುವನ್ ಎಣ್ಣೆಗೈಯಲ್ಲಿ ಪೆನ್ಸಿಲ್ ಎತ್ತಿಕೊಂಡ.
ಮಾತಾಡಬಾರದು ಅಂದಿದ್ದೆ; ಬರೆಯಬಾರದು ಅಂದಿರಲಿಲ್ಲ.
ಪೊಟ್ಟಣದ ಕಾಗದದ ಮೇಲೆ:
ಮೂರನೇ ವಾರ. ಕುಂಟು ಕತ್ತೆಯ ಲಾಯ.

ಲಾಯ? ನನಗೆ ನೆನಪೇ ಇಲ್ಲ.
ಅವರಿಗಿತ್ತು. ಅವತ್ತು ನನಗೆ ಜ್ವರ, ಬೇಗ ಮುಗಿಸಲು
“ಹುಲ್ಲಿನ ಮೇಲೆ ಮಲಗಿದಿರಿ, ಬೆಳಗಾಯಿತು” ಅಂದಿದ್ದೆನಂತೆ.
ದಾಳ ಉರುಳಲಿಲ್ಲ. ಯಾರೂ ಬರಲಿಲ್ಲ.
ಎವಾ ಕತ್ತೆಗೊಂದು ಹೆಸರೂ ಇಟ್ಟಿದ್ದಳಂತೆ: ಡಚೆಸ್.

ಬಿಳಿ ಹಾಳೆ ಎಳೆದುಕೊಂಡೆ. ನಾಲ್ಕು ಗೋಡೆ ಎಳೆದೆ,
ಬಾಗಿಲು ಯಾವ ದಿಕ್ಕಿಗೋ ತಿಳಿಯದೆ ಬಿಟ್ಟೆ.
ಒದ್ದೆ ಯೋಧ ಹುಲ್ಲಿನ ಮೇಲೆ ಬಿದ್ದ, ಕೆಮ್ಮಿದ,
ಕಣ್ಣು ತೆರೆದ. ಇನ್ನು ಮಾತಾಡಬಹುದು.
“ಕತ್ತೆ ಇದೆಯಾ?” ಅಂದ ಸ್ಟ್ರುವನ್.

ಪುಸ್ತಕದಲ್ಲಿ ಇದಕ್ಕೆ ನಿಯಮವಿಲ್ಲ.
ಇದೆ, ಅಂದೆ. ನಿನ್ನನ್ನೇ ನೋಡುತ್ತಿದೆ.
ಸ್ವಲ್ಪ ಸಿಟ್ಟಿನಲ್ಲಿ.