ಹಣ್ಣಾಗುವ ಮೊದಲು

ಸಮಿತಿಯ ಪುಸ್ತಕದಲ್ಲಿ ಬರೆದದ್ದು ಇಷ್ಟೇ:
ಪುನರ್ವಸು ಮಳೆ ಹುಟ್ಟುವ ತನಕ
ಉಪ್ಪಾಗೆ ಮರಕ್ಕೆ ಯಾರೂ ದೋಟಿ ತಾಗಿಸಬಾರದು.
ಕೆಳಗೆ ಇಪ್ಪತ್ಮೂರು ಸಹಿ, ನಾಲ್ಕು ಹೆಬ್ಬೆಟ್ಟು.
ಒಂದು ಸಹಿ ನನ್ನದು,
ಕೊನೆಯ ಅಕ್ಷರ ಗೆರೆ ದಾಟಿದ್ದು.

ಆರಿದ್ರೆಯ ಎಂಟನೇ ದಿನ
ಹೊಸನಗರದ ವ್ಯಾಪಾರಿಯ ಜೀಪು ಬಂದು ಹೋಯಿತು,
ಒಣಸಿಪ್ಪೆಯ ದರಕ್ಕೆ ಬೆರಳು ಎತ್ತಿ ತೋರಿಸಿ.
ತ್ಯಾವಪ್ಪ ದೋಟಿಗೆ ಹೊಸ ಕತ್ತಿ ಕಟ್ಟುತ್ತಿದ್ದುದನ್ನು
ನನ್ನ ಹೆಂಡತಿ ಕಂಡಳು. ಅಥವಾ ಕಂಡೆ ಅಂದಳು.
ಅಷ್ಟು ಸಾಕಾಯಿತು.
ನಾವು ಬಿಟ್ಟರೆ ಅವರು ಕೊಯ್ಯುತ್ತಾರೆ,
ಅವರು ಕೊಯ್ದರೆ ಬಿಟ್ಟವರು ಪೆದ್ದರು.
ಈ ಲೆಕ್ಕಕ್ಕೆ ಶಾಲೆ ಬೇಡ.

ಕಂಬಳಿಕೊಪ್ಪೆ, ಚೀಲ, ಹಣೆಗೆ ಕಟ್ಟಿದ ಬ್ಯಾಟರಿ.
ಕಾಲಿಗೆ ಸುಣ್ಣ, ಹೊಗೆಸೊಪ್ಪು ಬಳಿದುಕೊಂಡರೂ
ಉಂಬಳ ತನ್ನ ಪಾಲು ಬಿಡಲಿಲ್ಲ.
ದೊಡ್ಡ ಮರದ ಅರ್ಧಕ್ಕೆ ಹತ್ತಿ
ಕೈಗೆ ಸಿಗದ ಕಾಯಿಗಾಗಿ ಕೊಂಬೆಯನ್ನೇ ಕಡಿದೆ.
ಅದು ಬಿದ್ದ ಸದ್ದಿಗೆ
ಪಕ್ಕದ ಮರದಲ್ಲಿ ಒಂದು ಬೆಳಕು ಆರಿತು.
ಆಮೇಲೆ ಹಳ್ಳದಾಚೆ ಇನ್ನೊಂದು.
ನಾನೂ ಆರಿಸಿದೆ.

ಕತ್ತಲಲ್ಲಿ ಯಾರೋ ಕೆಮ್ಮಿದರು.
ಅಧ್ಯಕ್ಷ ಕೆರಿಯಣ್ಣನ ಕೆಮ್ಮು, ಊರಿಗೇ ಗೊತ್ತು.
ಮತ್ತೊಬ್ಬರು ನಕ್ಕರು, ತಡೆಯಲಾಗದೆ.

ಬೆಳಿಗ್ಗೆ ಮನೆಮನೆಯ ಅಟ್ಟದಡಿಯೂ ಹೊಗೆ.
ಎಳೆಗಾಯಿ ಸಿಪ್ಪೆ ಒಣಗಲು ಎಷ್ಟು ಸೌದೆ ಬೇಕು ಅಂತೀರಿ,
ನಾಲ್ಕು ಹೊರೆ ಮತ್ತಿ, ಹೊನ್ನೆ ಸುಟ್ಟು
ತಕ್ಕಡಿಗೆ ಇಟ್ಟದ್ದು ಒಂಬತ್ತು ಕಿಲೋ.
ಬೀಜ ಬಲಿತಿರಲಿಲ್ಲ; ಆ ವರ್ಷ
ದೋಸೆಗೆ ಉಪ್ಪಾಗೆ ತುಪ್ಪವೂ ಇಲ್ಲ.
ಸಿಂಗಳೀಕಗಳು ಎರಡು ದಿನ ಬಂದು
ಮರ ನೋಡಿ, ನಮ್ಮನ್ನು ನೋಡಿ, ಹೋದವು.

ದಂಡ ಬರೆಯಲು ಕೂತರೆ
ಕಟ್ಟಬೇಕಾದವರೇ ಇಪ್ಪತ್ತಾರು ಮಂದಿ.
ಮಗಳ ಬಾಣಂತನಕ್ಕೆ ಹೋಗಿದ್ದ ಹೂವಮ್ಮ ಒಬ್ಬಳು
ಪೆನ್ನು ಹಿಡಿಯಬಹುದಿತ್ತು,
ಅವಳದು ಹೆಬ್ಬೆಟ್ಟು.
ಪುಸ್ತಕ ಈಗ ಅವಳ ಮನೆಯಲ್ಲಿದೆ,
ಅಕ್ಕಿ ಡಬ್ಬಿಯ ಮೇಲೆ.

ಈ ಸಲದ ಆರಿದ್ರೆಯಲ್ಲಿ ಒಂದು ರಾತ್ರಿ
ನಿದ್ದೆ ಬಾರದೆ ಹೋದೆ. ದೋಟಿ ಒಯ್ಯಲಿಲ್ಲ,
ನಂಬಿದರೆ ನಂಬಿ.
ಕಡಿದ ಜಾಗದಲ್ಲಿ ಬೆರಳುದ್ದದ ಚಿಗುರು,
ಕಾಯಿಯ ಮಾತು ಅದಕ್ಕೆ ಇನ್ನೂ ದೂರ.
ಹಳ್ಳದಾಚೆ ಒಂದು ಬೆಳಕು ನಿಂತಿತ್ತು.
ಅವನ ಕೈಯಲ್ಲಿ ಏನಿದೆಯೆಂದು ನನಗೆ ಕಾಣಲಿಲ್ಲ,
ನನ್ನ ಕೈಯಲ್ಲಿ ಏನಿಲ್ಲವೆಂದು ಅವನಿಗೆ.
ಬಹಳ ಹೊತ್ತು ಹಾಗೇ ನಿಂತೆವು.
ಮಳೆ ಮಾತ್ರ ಕೆಲಸ ಮಾಡುತ್ತಿತ್ತು.