ರೂವಿಯಲ್ಲಿ ಒಂದು ಗುರುವಾರ

"ಈಗ ಬೇಡ ಮಾರಾಯ" ಅಂದ ನವಾಸ್,
ಮಾರಬೇಕಾದವನೇ.
"ಜನವರಿಗೆ ಹೊಸತು ಬರ್ತದೆ,
ಇದು ಇಪ್ಪತ್ತು ರಿಯಾಲ್ ಇಳೀತದೆ."

ಗಾಜಿನೊಳಗೆ ಪ್ರೊಸೆಸರ್.
ಬೆಂಕಿಪೊಟ್ಟಣದಷ್ಟೂ ಇಲ್ಲ,
ಬೆಲೆ ಮಾತ್ರ ನನ್ನ ಎರಡು ತಿಂಗಳ
ಬೆಡ್‌ಸ್ಪೇಸಿನ ಬಾಡಿಗೆ.

ತಾಳಿದವನು ಬಾಳಿಯಾನು ಅನ್ನುತ್ತಿದ್ದಳು ಅಜ್ಜಿ.
ನಾಳೆ ಎಂದವನ ಮನೆ ಹಾಳು ಅಂದದ್ದೂ ಅವಳೇ,
ಅದೇ ಬಾಯಲ್ಲಿ,
ಎಲೆಯಡಿಕೆಯನ್ನೂ ಉಗುಳದೆ.

ಜನವರಿಗೆ ಹೋದರೆ ನವಾಸ್ ಮಾರ್ಚ್ ಅನ್ನುತ್ತಾನೆ.
ಕಳೆದ ರಂಜಾನಿನಲ್ಲೂ
ಹೀಗೇ ಕೈಬೀಸಿಕೊಂಡು ಬಂದಿದ್ದೆ,
ಬಿಸಿಲಿಗೆ, ಏನೋ ಉಳಿಸಿದವನಂತೆ.

ಥರ್ಮಲ್ ಪೇಸ್ಟ್ ಕೊಂಡೆ, ಒಂದು ರಿಯಾಲ್.
ಫ್ಯಾನು ಬಿಚ್ಚಿ, ಐದು ವರ್ಷದ ಧೂಳು ಊದಿ,
ಹಳೆಯದರ ನೆತ್ತಿಗೆ
ಎಣ್ಣೆಯಿಟ್ಟ ಹಾಗೆ ಸವರಿದೆ.
ಸುಹಾರಿನವರ ಮದುವೆಯ ವಿಡಿಯೋ ಹಾಕಿ ಮಲಗಿದೆ.

ಹನ್ನೆರಡು ಗಂಟೆಗೆ ನೂರಕ್ಕೆ ಹದಿನಾಲ್ಕು.
ಮದುಮಗಳು ಇನ್ನೂ ಮೆಟ್ಟಿಲ ಮೇಲೆಯೇ.
ಆದರೆ ಸದ್ದಿಲ್ಲ, ಒಂಚೂರೂ.

ಮೇಲಿನ ಮಂಚದಲ್ಲಿ ಕುಂದರಣ್ಣ ಎದ್ದು ಕೂತ.
ನಾಲ್ಕಕ್ಕೆ ಅವನಿಗೆ ಬೇಕರಿ.
"ಎಂಥ ಆಯ್ತು ಅದಕ್ಕೆ?
ನಿಂತೇ ಹೋಯ್ತಾ?
ನಿದ್ದೆಯೇ ಬರುವುದಿಲ್ಲವಲ್ಲ."