ಎರಡನೇ ಮಹಡಿಯ ನೋಟ್‌ಬುಕ್ಕು

ಡೌಗಾವ್‌ಪಿಲ್ಸ್ ಊರಲ್ಲಿ ನಮ್ಮದು ಐದಂತಸ್ತಿನ ಹಳೆ ಕಟ್ಟಡ.
ಲಿಫ್ಟಿಲ್ಲ. ಹತ್ತುವವರು ಯಾರೇ ಆಗಲಿ
ಎರಡನೇ ಮಹಡಿಯಲ್ಲಿ ಒಮ್ಮೆ ನಿಂತು ಉಸ್ಸೆನ್ನಬೇಕು.
ಅಲ್ಲೇ, ಬಿಸಿನೀರ ಕೊಳವೆಗೆ ಸೆಣಬಿನ ದಾರ ಬಿಗಿದು
ವಾಲ್ಡಾ ಒಂದು ನೋಟ್‌ಬುಕ್ಕು ತೂಗುಹಾಕಿದಳು,
ಪಕ್ಕದಲ್ಲೊಂದು ಗಿಡ್ಡ ಪೆನ್ಸಿಲ್ಲು.
(ಪೆನ್ನಾದರೆ ಚಳಿಗೆ ಮರಗಟ್ಟುತ್ತದೆ, ಕಾಲೂ ಬರುತ್ತದೆ.)

ಮೊದಲ ಪುಟದಲ್ಲಿ ಅವಳದೇ ದುಂಡು ಅಕ್ಷರ:
"ಕೆಟಲಿನ ತಳಕ್ಕೆ ಸುಣ್ಣ ಕಟ್ಟಿದರೆ ಎಸೆಯಬೇಡಿ.
ವಿನಿಗರ್ ಎರಡು ಚಮಚ. ಒಂದು ರಾತ್ರಿ. ಅಷ್ಟೆ."
ಕೆಳಗೆ ಯಾರೋ: "ನಾಲ್ಕು ಚಮಚ."
ಅದರ ಕೆಳಗೆ: "ನಿಮ್ಮ ಕೆಟಲೂ ನಿಮ್ಮಷ್ಟೇ ಹಟಮಾರಿ."

ಹೀಗೆ ಜಗಳದಲ್ಲೇ ಶುರುವಾಯಿತು.
ಲಾಟ್ವಿಯನ್ ಒಬ್ಬರದು, ರಷ್ಯನ್ ಇನ್ನೊಬ್ಬರದು,
ಬ್ರೊನಿಸ್ಲಾವಾ ಅಜ್ಜಿ ಬರೆಯುವುದು ಪೋಲಿಷಿನಲ್ಲಿ;
ಅರ್ಥವಾಗಬೇಕೆಂದರೆ ಅವಳ ಬಾಗಿಲು ತಟ್ಟಬೇಕು,
ತಟ್ಟಿದರೆ ಚಹಾ ಕುಡಿಯದೆ ಹೊರಬರುವಂತಿಲ್ಲ.
"ಸುಟ್ಟುಹೋದ ಬಲ್ಬನ್ನು ಕಾಲುಚೀಲದ ಹಿಮ್ಮಡಿಯೊಳಗಿಡು,
ಅದರ ಬೆನ್ನ ಮೇಲೆ ದಾರ ಓಡಿಸು, ಹೀಗೆ, ನೇಯ್ದ ಹಾಗೆ."
ಉರಿಯದ ಬಲ್ಬು ಅವಳ ಅಂಗೈಯಲ್ಲಿ
ಇನ್ನೂ ಕೆಲಸದಲ್ಲಿತ್ತು.

ನಾನು ಟ್ರಾಮಿನಲ್ಲಿ ಟಿಕೆಟ್ಟು ಹರಿಯುವವಳು,
ಬೆಳಗಿನ ನಾಲ್ಕೂವರೆಗೆ ಏಳುವವಳು, ನನಗೇನು ಗೊತ್ತು?
ವಾರಗಟ್ಟಲೆ ಪೆನ್ಸಿಲ್ಲು ಹಿಡಿದು ಮತ್ತೆ ಕೆಳಗೆ ಬಿಟ್ಟೆ.
ಕೊನೆಗೆ ಬರೆದೆ: "ಹಿಮದಲ್ಲಿ ನೆನೆದ ಬೂಟಿಗೆ
ರದ್ದಿ ಕಾಗದ ತುರುಕಿ. ಒಲೆಯ ಹತ್ತಿರ ಇಡಬೇಡಿ,
ಚರ್ಮ ಸೀಳುತ್ತದೆ. ಅನುಭವದ ಮಾತು."
ಮರುದಿನ ಅದರ ಪಕ್ಕ ಒಂದು ಬೂಟಿನ ಚಿತ್ರ, ನಗುತ್ತಿತ್ತು.

ಜನವರಿಯಲ್ಲಿ ಮೂರು ದಿನ ಕೊಳವೆ ತಣ್ಣಗಾಯಿತು.
ಅಜ್ಜಿಯ ಪುಟ ಹೇಳಿದಂತೆ
ಒಂದೇ ಕುದಿ ಬಂದ ಬಾರ್ಲಿ ಪಾತ್ರೆಯನ್ನು
ಕಂಬಳಿಯಲ್ಲಿ ಸುತ್ತಿ, ಎರಡು ದಿಂಬಿನ ನಡುವೆ
ನನ್ನ ಹಾಸಿಗೆಯಲ್ಲೇ ಮಲಗಿಸಿ ಕೆಲಸಕ್ಕೆ ಹೋದೆ.
ಸಂಜೆ ಬಂದು ಮುಚ್ಚಳ ತೆಗೆದರೆ
ಬೆಂದು ಅರಳಿ ಹಬೆಯಾಡುತ್ತಿತ್ತು,
ಯಾರೋ ಮನೆಯಲ್ಲಿದ್ದು
ನನಗೆಂದೇ ಮಾಡಿಟ್ಟ ಹಾಗೆ.
ನಿಂತೇ ತಿಂದೆ, ಕೋಟು ಬಿಚ್ಚದೆ.

ಇದರಿಂದ ಲೋಕ ಉಳಿಯಿತು ಅನ್ನಲಾರೆ.
ಹಿತ್ತಲ ಕಸದ ತೊಟ್ಟಿ ಈ ವಾರವೂ ತುಂಬಿಯೇ ಇದೆ, ನೋಡಿದೆ.

ಐದನೇ ಮಹಡಿಯ ಝೆನೊನ್ಸ್ ಮಾತ್ರ ಏನೂ ಬರೆದವನಲ್ಲ.
ನಲವತ್ತು ವರ್ಷ ರೈಲ್ವೆ ಕಾರ್ಖಾನೆಯಲ್ಲಿ ದುಡಿದ ಮೈ,
ಎರಡನೇ ಮಹಡಿಯಲ್ಲಿ ನಿಲ್ಲುತ್ತಾನೆ,
ಉಸಿರಿಗೆ ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು.
ಮಾರ್ಚಿಯಲ್ಲಿ ಯಾರೋ ತಿಳಿದವರು ಬರೆದರು:
"ನಲ್ಲಿ ತೊಟ್ಟಿಕ್ಕಿದರೆ ಇನ್ನಷ್ಟು ಬಿಗಿಯಾಗಿ ತಿರುಗಿಸಿ."
ಅದರ ಮೇಲೆ ಅಡ್ಡಗೆರೆ, ಕಾಗದ ಹರಿಯುವಷ್ಟು ಒತ್ತಿ:
"ಬಿಗಿಸಬೇಡಿ! ಸವೆದಿರುವುದು ವಾಷರು.
ನನ್ನಲ್ಲಿ ಡಬ್ಬಿ ತುಂಬ ಇವೆ.
ಬಾಗಿಲು ಜೋರಾಗಿ ಬಡಿಯಿರಿ, ಎಡಗಿವಿ ಕೇಳಿಸದು."

ನನ್ನ ನಲ್ಲಿ ಸೋರುವುದಿಲ್ಲ.
ಆದರೂ ಇನ್ನೆರಡು ಮಹಡಿ ಹೆಚ್ಚಿಗೆ ಹತ್ತಿದೆ, ಬಡಿದೆ.
ಬಿಸ್ಕತ್ತಿನ ಹಳೆ ಡಬ್ಬಿ ಹಿಡಿದೇ ಬಾಗಿಲು ತೆರೆದ.
"ಯಾವ ಅಳತೆ?"
ಅಳತೆ ನಾನು ತಂದಿರಲಿಲ್ಲ.
"ಹೇಗೆ ಅಳೆಯುವುದು?" ಅಂದೆ, ಬಲಗಿವಿಯ ಕಡೆಗೆ.
ಅವನು ಸ್ಟೂಲು ಎಳೆದು ಧೂಳು ಒರೆಸಿದ.